ಬೆಂಚು ‘ಯು’ ಆಕಾರಕ್ಕೆ ತಿರುಗಿಸಿದರೆ ಕೊನೇ ಬೆಂಚಿನ ಮಕ್ಕಳು ಕಲಿಯುತ್ತಾರಾ?

ಬಯಲುಸೀಮೆ ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. 2025ರಲ್ಲಿ ಕೇರಳದಲ್ಲಿ ಒಂದು ಸಿನಿಮಾ ನೋಡಿ ಕೆಲವು ಶಾಲೆಗಳು ಬೆಂಚುಗಳನ್ನು ಮೂರು ಗೋಡೆಗೆ ಒತ್ತರಿಸಿ ‘ಯು’ ಆಕಾರ ಮಾಡಿದವು. ಕೊನೇ ಬೆಂಚೇ ಇಲ್ಲ ಅನ್ನೋ ಲೆಕ್ಕ. ಆಮೇಲೆ ತಮಿಳುನಾಡಿನ ಶಿಕ್ಷಣ ಇಲಾಖೆಯೂ ತಮಿಳಿನ ‘ಪ’ (ப) ಅಕ್ಷರದ ಆಕಾರದಲ್ಲಿ ಕೂರಿಸಿ ಅಂತ ಶಾಲೆಗಳಿಗೆ ತಿಳಿಸಿತು. ಅದರ ವಿಡಿಯೋ ನಮ್ಮ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರ ವಾಟ್ಸಾಪ್‌ಗೆ ಈಗ ಬಂದು ತಲುಪಿದೆ. "ನಮ್ಮಲ್ಲೂ ಮಾಡಿ ಮೇಷ್ಟ್ರೇ, ಪೇಪರ್‌ನಲ್ಲಿ ಬರುತ್ತೆ" ಅನ್ನುತ್ತಿದ್ದಾರೆ.

ನನ್ನ ಪರಿಸ್ಥಿತಿ ಹೀಗಿದೆ. 7ನೇ ತರಗತಿ, 38 ಮಕ್ಕಳು. ಕೊಠಡಿ 20 ಅಡಿಗೆ 20 ಅಡಿ. ಮೂವರು ಕೂರುವ ಕಬ್ಬಿಣದ ಡೆಸ್ಕ್ 13 ಇವೆ. ಮಕ್ಕಳ ಎಡಗಡೆ ಎರಡು ಕಿಟಕಿ, ಎದುರಿಗೆ ಬೋರ್ಡು. ಕೊನೇ ಎರಡು ಸಾಲಿನವರು ಬಾಯಿ ಬಿಡುವುದಿಲ್ಲ. ಅದಕ್ಕೆ ಬೆಂಚು ಕಾರಣವಾ, ಅಥವಾ ಬಾಯಿ ಬಿಡದವರೇ ಹುಡುಕಿಕೊಂಡು ಹೋಗಿ ಅಲ್ಲಿ ಕೂರುತ್ತಾರಾ? ಯಾರಾದರೂ ನಿಜವಾಗಿ ಮಾಡಿ ನೋಡಿದವರು ಇದ್ದರೆ ಹೇಳಿ. ಫೋಟೋಕ್ಕೆ ಮಾಡಿದವರು ಬೇಡ.

ಕೊನೇ ಬೆಂಚು ಖಾಯಂ
ನಮ್ಮ ಸಾಮ್ರಾಜ್ಯಕ್ಕೆ ಕೈ ಹಾಕಬೇಡಿ ಸರ್.

ಹೆಬ್ಬಾಳದ ಅಮ್ಮ
ಕನ್ನಡದಲ್ಲಿ ಯಾವ ಅಕ್ಷರದ ಆಕಾರ ಮಾಡೋಣ? ನಮ್ಮವು ಎಲ್ಲಾ ದುಂಡಗೇ ಇವೆ.

ಸಿಮೆಂಟು ಮರಳು
ನಾನು ಸಿವಿಲ್ ಇಂಜಿನಿಯರ್. ಮೊದಲು ಲೆಕ್ಕ ಹಾಕಿಬಿಡೋಣ. ಮೂವರ ಡೆಸ್ಕ್ ಸುಮಾರು ನಾಲ್ಕೂವರೆ ಅಡಿ ಉದ್ದ ಇರುತ್ತದೆ. ಹಿಂದಿನ ಗೋಡೆಗೆ 4 ಡೆಸ್ಕ್ ಕೂರುತ್ತವೆ. ಮುಂದೆ ಬೋರ್ಡಿನ ಹತ್ತಿರ ನೀವು ಓಡಾಡಲು 5 ಅಡಿ ಬಿಡಬೇಕು, ಹಿಂದಿನ ಸಾಲಿನ ಡೆಸ್ಕೂ ಮಕ್ಕಳೂ ಸೇರಿ 3 ಅಡಿ ತಿನ್ನುತ್ತವೆ. ಉಳಿಯೋದು 12 ಅಡಿ. ಅಂದರೆ ಒಂದೊಂದು ಪಕ್ಕಕ್ಕೆ 2 ಡೆಸ್ಕ್. ಒಟ್ಟು 8 ಡೆಸ್ಕ್, 24 ಮಕ್ಕಳು. ಉಳಿದ 14 ಮಕ್ಕಳನ್ನು ಎಲ್ಲಿ ಇಡುತ್ತೀರಿ? ಒಳಗೆ ಇನ್ನೊಂದು ಚಿಕ್ಕ ‘ಯು’ ಮಾಡಬೇಕು. ಆಗ ಹೊರಗಿನ ‘ಯು’ ಪೂರ್ತಿ ಕೊನೇ ಬೆಂಚೇ ಆಯಿತು!

ಇನ್ನೊಂದು ವಿಷಯ. ಶಾಲೆ ಕಟ್ಟುವಾಗ ಬೆಳಕು ಮಕ್ಕಳ ಎಡಗಡೆಯಿಂದ ಬರಲಿ ಅಂತ ಕಿಟಕಿ ಇಡೋದು ಹಳೇ ಪದ್ಧತಿ. ಬಲಗೈಯಲ್ಲಿ ಬರೆಯುವವರ ಕೈ ನೆರಳು ಪುಸ್ತಕದ ಮೇಲೆ ಬೀಳದಿರಲಿ ಅಂತ. ನಿಮ್ಮ ಕೊಠಡಿಯನ್ನೂ ಹಾಗೇ ಕಟ್ಟಿದ್ದಾರೆ. ‘ಯು’ ಮಾಡಿದರೆ ಕಿಟಕಿಗೆ ಬೆನ್ನು ಹಾಕಿದ ಸಾಲಿಗೆ ತನ್ನ ನೆರಳೇ ಪುಸ್ತಕದ ಮೇಲೆ, ಎದುರಿನ ಸಾಲಿಗೆ ಇಡೀ ದಿನ ಕಿಟಕಿ ಬೆಳಕು ಕಣ್ಣಿಗೆ. ಎರಡೂ ಪಕ್ಕದವರು ಬೋರ್ಡು ನೋಡಲು ಕತ್ತು ತಿರುಗಿಸಿಕೊಂಡೇ ಇರಬೇಕು.

ಎಡಚ
ಎಡಗಡೆ ಕಿಟಕಿ ಅಂದರೆ ನಮ್ಮಂಥ ಎಡಗೈಯವರ ನೆರಳು ಬಿದ್ದೇ ಬೀಳುತ್ತದೆ. ಅದನ್ನು ಯಾವ ಇಂಜಿನಿಯರೂ ಕೇಳಲಿಲ್ಲ, ಕೇಳೋದೂ ಇಲ್ಲ.

ನಲಿಕಲಿ ಅಕ್ಕ
ಈ ಕೇರಳ, ತಮಿಳುನಾಡು ಮಾತು ಕೇಳಿದರೆ ನಗು ಬರುತ್ತದೆ. ನಾವು ಬೆಂಚನ್ನೇ ಎತ್ತಿ ಹೊರಗಿಟ್ಟು ಎಷ್ಟು ವರ್ಷ ಆಯಿತು? 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ನಲಿ-ಕಲಿ ಶುರುವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳಿಗೆ ಹೋಗಿ ನೋಡಿಕೊಂಡು ಬಂದು, ತಾವೇ ಕಲಿಕೆಯ ಕಾರ್ಡು ಬರೆದು ಮಾಡಿದ್ದು. 2009-10ರಲ್ಲಿ ರಾಜ್ಯದ ಎಲ್ಲಾ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗೂ ಬಂತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಲಿ-ಕಲಿ ಕೋಣೆಯಲ್ಲಿ ಮುಂದೆ-ಹಿಂದೆ ಅಂತ ಇಲ್ಲ. 1, 2, 3ನೇ ತರಗತಿ ಒಟ್ಟಿಗೆ ಕೂರುತ್ತವೆ. ನೆಲದ ಮೇಲೆ ಐದು ಗುಂಪು. ಒಂದು ಗುಂಪಿಗೆ ಟೀಚರ್ ಪೂರ್ತಿ ನೆರವು, ಒಂದಕ್ಕೆ ಸ್ವಲ್ಪ ನೆರವು, ಎರಡು ಗುಂಪು ಜೊತೆಯ ಮಕ್ಕಳ ನೆರವಿನದು, ಇನ್ನೊಂದು ತಾನೇ ಕಲಿಯೋದು. ಮಗು ಏಣಿ (ಕಲಿಕೆಯ ಮೆಟ್ಟಿಲುಗಳನ್ನು ಬರೆದ ಪಟ್ಟಿ) ನೋಡಿ ತನ್ನ ಕಾರ್ಡು ತಾನೇ ತೆಗೆದುಕೊಂಡು ಆ ಗುಂಪಿನ ಗುರುತಿನ ತಟ್ಟೆ ಹತ್ತಿರ ಹೋಗುತ್ತದೆ. ಗೋಡೆಯ ಕೆಳಭಾಗದಲ್ಲಿ ಸುತ್ತಲೂ ಮಕ್ಕಳ ಕೈಗೆ ಎಟುಕುವ ಹಾಗೆ ಕಪ್ಪು ಹಲಗೆ. ಮೇಲೆ ದಾರ ಕಟ್ಟಿ ಚಪ್ಪರ, ಅದರಲ್ಲಿ ಮಕ್ಕಳು ಮಾಡಿದ ಚಿತ್ರ, ಕಾಗದದ ಗೊಂಬೆ. ಟೀಚರ್ ಕುರ್ಚಿ ಬಿಟ್ಟು ನೆಲಕ್ಕೆ ಇಳಿಯೋದು. ಮೊದಮೊದಲು ಅದೇ ಎಷ್ಟೋ ಜನಕ್ಕೆ ಕಷ್ಟ ಆಗಿದ್ದು, ಮಂಡಿನೋವಿಗಿಂತ ಜಾಸ್ತಿ ಮರ್ಯಾದೆ ನೋವು!

ಬಯಲುಸೀಮೆ ಮೇಷ್ಟ್ರು
ಅಕ್ಕಾ, ಅದೆಲ್ಲ ಸರಿ. ಆದರೆ 4ನೇ ತರಗತಿಗೆ ಬಂದ ತಕ್ಷಣ ಮತ್ತೆ ಸಾಲು ಬೆಂಚು. ಮೂರು ವರ್ಷ ಓಡಾಡಿಕೊಂಡು ಕಲಿತ ಮಗುವಿಗೆ ಒಂದೇ ಬೇಸಿಗೆ ರಜೆಯಲ್ಲಿ ‘ಕೈ ಕಟ್ಟು, ಬಾಯಿ ಮುಚ್ಚು’ ಆಗಿಬಿಡುತ್ತದೆ.

ನಿವೃತ್ತ ಹೆಡ್‌ಮೇಷ್ಟ್ರು
ಓಡಾಡಿಕೊಂಡಿದ್ದು ನಿಜ, ಕಲಿತದ್ದು ಎಷ್ಟು ಅಂತ 4ನೇ ತರಗತಿ ಮೇಷ್ಟ್ರನ್ನು ಕೇಳಿ. ಒತ್ತಕ್ಷರ ಬರದೆ ಬರುತ್ತಿದ್ದವು. ಒಬ್ಬರೇ ಟೀಚರ್, ಮೂರು ತರಗತಿ, ಐದು ಗುಂಪು. ಪೂರ್ತಿ ನೆರವಿನ ಗುಂಪು ಬಿಟ್ಟರೆ ಉಳಿದ ನಾಲ್ಕು ಗುಂಪು ದೇವರ ನೆರವಿನ ಗುಂಪು.

ಬೆಂಚಿನ ಆಕಾರದಿಂದ ಪಾಠ ಬರುವುದಿಲ್ಲ ಸ್ವಾಮಿ. ಮೇಷ್ಟ್ರು ಚೆನ್ನಾಗಿದ್ದರೆ ಗೋಣಿಚೀಲದ ಮೇಲೆ ಕೂತೂ ಕಲಿತಿದ್ದೇವೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ನಲಿಕಲಿ ಅಕ್ಕ
ನೆಲ ನಿಜವಾಗಲೂ ಡೊಂಕಾಗಿದ್ದರೆ ಏನು ಮಾಡಬೇಕು ಸರ್? ಮೂರು ತರಗತಿಗೆ ಒಬ್ಬರನ್ನೇ ಕೊಟ್ಟಿದ್ದು ಪದ್ಧತಿಯ ತಪ್ಪಾ, ಹುದ್ದೆ ತುಂಬದವರ ತಪ್ಪಾ? ನನ್ನ ಕೋಣೆಯಲ್ಲಿ 22 ಮಕ್ಕಳು ಇದ್ದಾಗ ಒತ್ತಕ್ಷರವೂ ಬರುತ್ತಿತ್ತು, ಕತೆ ಕಟ್ಟಿ ಹೇಳೋದೂ ಬರುತ್ತಿತ್ತು. ಪಕ್ಕದ ಶಾಲೆಯನ್ನು ನಮ್ಮದಕ್ಕೆ ಸೇರಿಸಿ 50 ದಾಟಿದ ಮೇಲೆ ಏಣಿಯೂ ಇಲ್ಲ, ತಟ್ಟೆಯೂ ಇಲ್ಲ.

ಗೋಣಿಚೀಲ
ಹೆಡ್‌ಮೇಷ್ಟ್ರು ಗೋಣಿಚೀಲದ ಮಾತು ಎತ್ತಿದ್ದಕ್ಕೆ ಬರೆಯುತ್ತಿದ್ದೇನೆ. ನನ್ನ ಈ ಹೆಸರಿಗೂ ಕಾರಣ ಅದೇ. ಸಾತಾರಾದ ಶಾಲೆಯಲ್ಲಿ ಬಾಲಕ ಅಂಬೇಡ್ಕರ್ ಕೂರಲು ಬೇರೆ ಗೋಣಿ ತರಬೇಕಿತ್ತು, ಒಂದು ಮೂಲೆಯಲ್ಲಿ ಒಬ್ಬರೇ ಕೂರಬೇಕಿತ್ತು. ನೀರು ಕುಡಿಯಲು ನಲ್ಲಿ ಮುಟ್ಟುವ ಹಾಗಿರಲಿಲ್ಲ, ಜವಾನ ಬಂದು ತಿರುಗಿಸಬೇಕಿತ್ತು. ಜವಾನ ಬರದಿದ್ದರೆ ನೀರಿಲ್ಲ. ಎಲ್ಲರಿಗೂ ಅದೇ ಮೇಷ್ಟ್ರು, ಅದೇ ಕೊಠಡಿ, ಅದೇ ಬೋರ್ಡು. ಕಲಿಯುವ ಜಾಗ ಮಾತ್ರ ಒಂದೇ ಆಗಿರಲಿಲ್ಲ.

ಅದು ನೂರು ವರ್ಷಕ್ಕೂ ಹಿಂದಿನದು ಅಂತ ಹೇಳಬೇಡಿ. ನಾನು ಓದಿದ್ದು ತೊಂಬತ್ತರ ದಶಕದಲ್ಲಿ. ಯಾರೂ ‘ನೀನು ಹಿಂದೆ ಕೂರು’ ಅಂತ ಹೇಳಲಿಲ್ಲ. ಆದರೆ ಊರಲ್ಲಿ ಕೇರಿ ಹೇಗಿತ್ತೋ ತರಗತಿಯಲ್ಲಿ ಬೆಂಚು ಹಾಗೇ ಇತ್ತು. ಗೌಡರ ಮಕ್ಕಳು ಮುಂದೆ, ನಾವು ಬಾಗಿಲ ಹತ್ತಿರ. ಕಸ ಗುಡಿಸುವ ಪಾಳಿ, ಶೌಚಾಲಯಕ್ಕೆ ನೀರು ಹೊರುವ ಪಾಳಿ ಬಂದಾಗ ಮಾತ್ರ ನಮ್ಮ ಹೆಸರು ಮೊದಲು ಬರುತ್ತಿತ್ತು. ಈಗಲೂ ಬಿಸಿಯೂಟದ ಅಡುಗೆಯವರು ದಲಿತರು ಅಂತ ಮಕ್ಕಳನ್ನು ಊಟ ಬಿಡಿಸಿದ ಸುದ್ದಿ ಆಗಾಗ ಬರುತ್ತಲೇ ಇದೆ ಅಲ್ವಾ?

ಮೇಷ್ಟ್ರೇ, ಒಂದು ಕೆಲಸ ಮಾಡಿ. ನಿಮ್ಮ ಕೊನೇ ಎರಡು ಸಾಲಿನ ಮಕ್ಕಳ ಹೆಸರು ಒಂದು ಚೀಟಿಯಲ್ಲಿ ಬರೆದು, ಪಕ್ಕದಲ್ಲಿ ಯಾವ ಬೀದಿಯಿಂದ ಬರುತ್ತಾರೆ ಅಂತ ಬರೆಯಿರಿ. ಇಲ್ಲಿ ಹಾಕೋದು ಬೇಡ. ನೀವೇ ನೋಡಿ ಸಾಕು.

ನಿವೃತ್ತ ಹೆಡ್‌ಮೇಷ್ಟ್ರು
ಎಲ್ಲಾ ಕಡೆ ಜಾತಿ ತರಬೇಡಿ. ಮಕ್ಕಳು ಗೆಳೆಯರ ಜೊತೆ ಕೂರುತ್ತಾರೆ ಅಷ್ಟೆ.

ಗೋಣಿಚೀಲ
ನಾನು ತಂದಿಲ್ಲ ಸರ್, ಅದು ಆಗಲೇ ಬಂದು ಕೂತಿದೆ. ಎದ್ದೇಳಿಸೋದು ಹೇಗೆ ಅಂತ ಕೇಳುತ್ತಿದ್ದೇನೆ.

ಓದುಬಾಕ
ಮೊದಲ ಪ್ರಶ್ನೆಗೆ ಬರುತ್ತೇನೆ. 1970ರಲ್ಲಿ ಆಡಮ್ಸ್ ಮತ್ತು ಬಿಡಲ್ ಅನ್ನುವ ಇಬ್ಬರು ತರಗತಿಗಳನ್ನು ವಿಡಿಯೋ ಮಾಡಿ ನೋಡಿದರು. ಟೀಚರ್ ಜೊತೆ ಮಾತುಕತೆ ಹೆಚ್ಚಾಗಿ ನಡೆಯೋದು ಮುಂದಿನ ಸಾಲಿನವರು ಮತ್ತು ಮುಂದಿನಿಂದ ಹಿಂದಕ್ಕೆ ನಡುಭಾಗದಲ್ಲಿ ಕೂತವರ ಜೊತೆ ಅಂತ ಕಂಡಿತು. ಮೂಲೆಯವರು ಬರೀ ಪ್ರೇಕ್ಷಕರು. ಮೇಷ್ಟ್ರು ಕೇಳಿದ ಹಾಗೆ, ಜಾಗದಿಂದ ಹೀಗಾಗುತ್ತದಾ ಅಥವಾ ಉತ್ಸಾಹದ ಮಕ್ಕಳೇ ಆ ಜಾಗ ಹಿಡಿಯುತ್ತಾರಾ ಅನ್ನೋ ಜಗಳ ಆಗಿನಿಂದಲೂ ಇದೆ. ಎರಡರಲ್ಲೂ ಸ್ವಲ್ಪ ಸತ್ಯ ಇದೆ ಅಂತ ನನ್ನ ಅನಿಸಿಕೆ.

2008ರಲ್ಲಿ ವನ್ನಾರ್ಕಾ ಮತ್ತು ರೂಲ್ ಅನ್ನುವವರು ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಒಬ್ಬೊಬ್ಬರೇ ಕೂತು ಮಾಡುವ ಕೆಲಸಕ್ಕೆ ಸಾಲು ಒಳ್ಳೆಯದು, ಗಲಾಟೆ ಮಾಡುವ ಮಕ್ಕಳಿಗೆ ಇನ್ನೂ ಜಾಸ್ತಿ ಉಪಯೋಗ. ಮಾತಾಡಿ ಮಾಡುವ ಕೆಲಸಕ್ಕೆ ಗುಂಪು ಅಥವಾ ‘ಯು’ ಒಳ್ಳೆಯದು. ಗಣಿತದ ಲೆಕ್ಕ ಬಿಡಿಸುವಾಗ ಸಾಲು ಇರಲಿ, ಕನ್ನಡ ಪದ್ಯದ ಚರ್ಚೆ ಮಾಡುವಾಗ ತಿರುಗಿಸಿ. ವರ್ಷಪೂರ್ತಿ ಒಂದೇ ಆಕಾರ ಯಾಕೆ?

ಕೊನೇ ಬೆಂಚು ಖಾಯಂ
ಪೀರಿಯಡ್‌ಗೊಂದು ಸಲ 13 ಕಬ್ಬಿಣದ ಡೆಸ್ಕ್ ಎಳೆದರೆ ಪಕ್ಕದ ತರಗತಿಯವರು ಕೋಲು ಹಿಡಿದು ಬರುತ್ತಾರೆ.

ರಾಯಚೂರು ಬಿಸಿಲು
ನೀವೆಲ್ಲ ಆಕಾರದ ಮಾತಾಡುತ್ತೀರಿ, ನಮ್ಮ ಕಡೆ ಮಾರ್ಚ್ ತಿಂಗಳಿಗೆ ಬಂದು ನೋಡ್ರಿ. ತಗಡಿನ ಶೀಟು, ಕೆಳಗೆ ಕಬ್ಬಿಣದ ಡೆಸ್ಕು. ಮುಟ್ಟಿದರೆ ಕೈ ಸುಡುತ್ತದೆ. ಮಧ್ಯಾಹ್ನ ಊಟ ಆದ ಮೇಲೆ ಪಾಠ ಅಂದರೆ ಮಕ್ಕಳಿಗೂ ನಿದ್ದೆ, ಮೇಷ್ಟ್ರಿಗೂ ನಿದ್ದೆ. ಬಿಸಿಲಿಗೆ ಅಂತಲೇ ಏಪ್ರಿಲ್-ಮೇನಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತವೆ. ಗುಮಾಸ್ತರಿಗೆ ಇರುವ ಕನಿಕರ ಮಕ್ಕಳಿಗೂ ಇರಬೇಕಲ್ಲ.

ನಮ್ಮ ಶಾಲೆಯಲ್ಲಿ ಎರಡು ಕೆಲಸ ಮಾಡಿದೆವು. ಛಾವಣಿಗೆ ಬಿಳಿ ಸುಣ್ಣ ಹೊಡೆಸಿದೆವು. ಬೇಸಿಗೆಗೆ ಡೆಸ್ಕು ವರಾಂಡಕ್ಕೆ ಹಾಕಿ ಮಕ್ಕಳನ್ನು ಪರ್ಸಿ ಕಲ್ಲಿನ ನೆಲದ ಮೇಲೆ ಕೂರಿಸಿದೆವು. ಶಹಾಬಾದ್ ಪರ್ಸಿ ತಣ್ಣಗಿರುತ್ತದೆ. ತಪಾಸಣೆಗೆ ಬಂದವರು ‘ಬೆಂಚು ಕೊಟ್ಟರೂ ನೆಲದ ಮೇಲೆ ಕೂರಿಸಿದ್ದೀರಿ’ ಅಂತ ಬೈದು ಹೋದರು. ಹತ್ತು ನಿಮಿಷ ಆ ಬೆಂಚಿನ ಮೇಲೆ ನೀವೇ ಕೂರ್ರಿ ಸಾಹೇಬ್ರ ಅಂತ ಹೇಳಬೇಕು ಅನ್ನಿಸಿತು. ಹೇಳಲಿಲ್ಲ.

ಓದುಬಾಕ
ಬಿಸಿಲಿನ ಮಾತಿಗೆ ಪುರಾವೆಯೂ ಇದೆ. ಅಮೆರಿಕದಲ್ಲಿ ಲಕ್ಷಾಂತರ ಹೈಸ್ಕೂಲ್ ಮಕ್ಕಳ ಪರೀಕ್ಷೆ ಅಂಕಗಳನ್ನು ಹವಾಮಾನದ ಜೊತೆ ಇಟ್ಟು ನೋಡಿದ ಅಧ್ಯಯನ 2020ರಲ್ಲಿ ಬಂತು. ಎಸಿ ಇಲ್ಲದ ಶಾಲೆಗಳಲ್ಲಿ ವರ್ಷದ ಬಿಸಿಲು 1 ಡಿಗ್ರಿ ಫ್ಯಾರನ್‌ಹೀಟ್ ಜಾಸ್ತಿಯಾದರೆ ಆ ವರ್ಷದ ಕಲಿಕೆ ಸುಮಾರು ಶೇ 1ರಷ್ಟು ಕಡಿಮೆ. ಎಸಿ ಇದ್ದ ಕಡೆ ಆ ಹೊಡೆತ ಬಹುಪಾಲು ಕಾಣಲಿಲ್ಲ.

ರಾಯಚೂರು ಬಿಸಿಲು
ಎಸಿ ಬೇಡ ರೀ, ಫ್ಯಾನಿಗೆ ಕರೆಂಟು ಕೊಡಲಿ ಸಾಕು.

ಮಲೆನಾಡು ಮಳೆ
ನಮ್ಮದು ತಿರುಗುಮುರುಗು ಕತೆ. ಜೂನ್‌ನಿಂದ ಶೀಟಿನ ಮೇಲೆ ಮಳೆ ಬಿದ್ದರೆ ಮುಂದಿನ ಬೆಂಚಿಗೂ ನನ್ನ ಧ್ವನಿ ಕೇಳುವುದಿಲ್ಲ. ಆಗ ಎಲ್ಲರೂ ಕೊನೇ ಬೆಂಚಿನವರೇ. ಬೋರ್ಡಿನ ಮೇಲೆ ಬರೆದು ಕೈಸನ್ನೆ ಮಾಡುತ್ತೇನೆ. ಜೋರು ಮಳೆಯ ದಿನ ಹಳ್ಳದ ಆಚೆಯ ಮಕ್ಕಳು ಬರುವ ಹಾಗೇ ಇಲ್ಲ. ಕಾಲುಸಂಕದ ಮೇಲೆ ನೀರು ಬಂದಿರುತ್ತದೆ. ಬಂದವರ ಲಂಗ, ಪ್ಯಾಂಟು ಮೊಣಕಾಲಿನ ತನಕ ಒದ್ದೆ. ಒದ್ದೆ ಬಟ್ಟೆಯಲ್ಲಿ ನಾಲ್ಕು ಗಂಟೆವರೆಗೂ ಕೂತು ಭಿನ್ನರಾಶಿ ಕಲಿ ಅಂದರೆ ಹೇಗೆ?

ಹೆಂಚಿನ ಹಳೇ ಕಟ್ಟಡ ಇದ್ದಾಗ ಇಷ್ಟು ಸದ್ದು ಇರಲಿಲ್ಲ. ಸೋರುತ್ತದೆ ಅಂತ ತೆಗೆದು ಶೀಟು ಹಾಕಿದರು. ಈಗ ಸೋರುವುದಿಲ್ಲ, ಕೇಳಿಸುವುದೂ ಇಲ್ಲ.

ಸಿಮೆಂಟು ಮರಳು
ಶೀಟಿನ ಕೆಳಗೆ ಒಂದು ಫಾಲ್ಸ್ ಸೀಲಿಂಗ್ ಹಾಕಿಸಿ. ಸದ್ದು, ಬಿಸಿಲು ಎರಡೂ ತಗ್ಗುತ್ತವೆ. ಶೀಟಿಗೂ ಅದಕ್ಕೂ ನಡುವೆ ಗಾಳಿ ಓಡಲು ಜಾಗ ಬಿಡಬೇಕು. ಬಾವಲಿ ಸೇರದ ಹಾಗೆ ಜಾಲರಿ ಮರೆಯಬೇಡಿ.

ಓದುಬಾಕ
ಸದ್ದಿನ ಬಗ್ಗೆ ಒಂದು ಒಳ್ಳೇ ಕತೆ ಇದೆ. ನ್ಯೂಯಾರ್ಕಿನ ಒಂದು ಶಾಲೆಯ ಪಕ್ಕದಲ್ಲೇ ಎತ್ತರದ ರೈಲು ಹಳಿ. ಒಂದು ಪಕ್ಕದ ತರಗತಿಗಳಿಗೆ ಆಗಾಗ ರೈಲಿನ ಸದ್ದು, ಇನ್ನೊಂದು ಪಕ್ಕ ಶಾಂತ. 1975ರಲ್ಲಿ ಆರ್ಲೀನ್ ಬ್ರಾನ್ಜಾಫ್ಟ್ ಮತ್ತು ಜೊತೆಗಾರರು ನೋಡಿದಾಗ ಸದ್ದಿನ ಪಕ್ಕದ ಮಕ್ಕಳು ಓದಿನಲ್ಲಿ ಹಿಂದೆ ಬಿದ್ದಿದ್ದರು. ಆರನೇ ತರಗತಿ ಹೊತ್ತಿಗೆ ಸುಮಾರು ಒಂದು ವರ್ಷದಷ್ಟು ಅಂತರ. ಆಮೇಲೆ ಹಳಿಗೆ ರಬ್ಬರ್ ಪಟ್ಟಿ, ಕೊಠಡಿಗೆ ಸದ್ದು ಹೀರುವ ಸೀಲಿಂಗ್ ಹಾಕಿದರು. ಬ್ರಾನ್ಜಾಫ್ಟ್ ಮತ್ತೆ ನೋಡಿದಾಗ, 1981ರಲ್ಲಿ, ಎರಡೂ ಪಕ್ಕದವರು ಸಮ. ಒಂದೇ ಶಾಲೆ, ಬದಲಾಗಿದ್ದು ಸದ್ದು. ಹೆಡ್‌ಮೇಷ್ಟ್ರೇ, ನೆಲ ಡೊಂಕು ಅನ್ನೋ ದೂರು ಯಾವಾಗಲೂ ಸುಳ್ಳಲ್ಲ.

ನಿವೃತ್ತ ಹೆಡ್‌ಮೇಷ್ಟ್ರು
ಆಯಿತು, ಅದೊಂದು ಒಪ್ಪಿದೆ. ಆದರೆ ರಬ್ಬರ್ ಪಟ್ಟಿ ಹಾಕಿದರೆ ನಮ್ಮಲ್ಲಿ ಖಾಲಿ ಇರುವ ಟೀಚರ್ ಹುದ್ದೆ ತುಂಬುವುದಿಲ್ಲ ಅನ್ನೋದೂ ನೆನಪಿರಲಿ.

ಹೆಬ್ಬಾಳದ ಅಮ್ಮ
ಬೆಂಗಳೂರಿನ ಖಾಸಗಿ ಶಾಲೆಯ ಕತೆಯೂ ಕೇಳಿ. ನನ್ನ ಮಗಳ ತರಗತಿಯಲ್ಲಿ ಎಸಿ ಇದೆ, ಸ್ಮಾರ್ಟ್ ಬೋರ್ಡ್ ಇದೆ, ಬಣ್ಣಬಣ್ಣದ ಕುರ್ಚಿ ಇದೆ. ಸೇರುವಾಗ ಅದನ್ನೇ ತೋರಿಸಿದ್ದು. ಆದರೆ ಶಾಲಾ ಬಸ್ಸಿನಲ್ಲಿ ಹೋಗಿ ಬರುವುದರೊಳಗೆ ಮಗು ಹಿಂಡಿ ಹಾಕಿದ ಬಟ್ಟೆ. ಮೊದಲ ಪೀರಿಯಡ್ ನಿದ್ದೆ. ಇನ್ನು ಕನ್ನಡದಲ್ಲಿ ಮಾತಾಡಿದರೆ ಡೈರಿಯಲ್ಲಿ ಕೆಂಪು ಗುರುತು. ಮಗಳು ಶಾಲೆಯಲ್ಲಿ ಮಾತು ಕಡಿಮೆ ಮಾಡಿದ್ದಾಳೆ ಅಂತ ಟೀಚರೇ ದೂರು ಹೇಳುತ್ತಾರೆ! ಇಂಗ್ಲಿಷ್‌ನಲ್ಲಿ ಪೂರ್ತಿ ಹೇಳಲು ಬರಲ್ಲ, ಕನ್ನಡದಲ್ಲಿ ಹೇಳುವ ಹಾಗಿಲ್ಲ. ಕುರ್ಚಿ ಬಣ್ಣ ಏನಾದರೇನು?

ಕಡಲಾಚೆ
ಇಲ್ಲಿ ಅಮೆರಿಕದಲ್ಲಿ ನಮ್ಮ ವಾರಾಂತ್ಯದ ಕನ್ನಡ ತರಗತಿಯಲ್ಲಿ ಸಮಸ್ಯೆ ಉಲ್ಟಾ. ಮಕ್ಕಳು ಇಂಗ್ಲಿಷ್‌ನಲ್ಲೇ ಪಟಪಟ ಅಂತಾರೆ, ಕನ್ನಡಕ್ಕೆ ಬಾಯಿ ಕಟ್ಟುತ್ತದೆ. ದೇವಸ್ಥಾನದ ಕೆಳಗಿನ ಹಾಲ್‌ನಲ್ಲಿ ನಡೆಸುತ್ತೇವೆ. ಮೇಜು ಕುರ್ಚಿ ಹಾಕಿದ ದಿನ ಯಾರೂ ಮಾತಾಡುವುದಿಲ್ಲ. ಅಡುಗೆ ಮನೆಗೆ ಕರೆದುಕೊಂಡು ಹೋಗಿ ಚಿತ್ರಾನ್ನ ಕಲಸಲು ಕೂರಿಸಿದ ದಿನ ‘ನಿಂಬೆಹಣ್ಣು ಕೊಡಿ, ಉಪ್ಪು ಸಾಲದು’ ಅಂತ ತಾವಾಗೇ ಬರುತ್ತದೆ. ಸುಮ್ನೆ ಹೇಳಿದೆ.

ಕೊನೇ ಬೆಂಚು ಖಾಯಂ
ಆ ಚಿತ್ರಾನ್ನಕ್ಕೆ ಒಗ್ಗರಣೆಗೆ ಕಡಲೆಬೀಜ ಸಿಗುತ್ತಾ ಅಲ್ಲಿ?

ಕಡಲಾಚೆ
ಸಿಗುತ್ತದೆ, ಆದರೆ ಅಲರ್ಜಿ ಭಯಕ್ಕೆ ಹಾಕುವ ಹಾಗಿಲ್ಲ. ಚಿತ್ರಾನ್ನವೇ ಅಲ್ಲ ಅದು, ಬಿಡಿ.

ತಾಂಡಾ ಹುಡುಗ
ನಾನು ಕೊನೇ ಬೆಂಚಿನ ಪರ ಮಾತಾಡಲು ಬಂದೆ, ತಮಾಷೆಗೆ ಅಲ್ಲ. ಮನೆಯಲ್ಲಿ ನಮ್ಮದು ಲಂಬಾಣಿ. ಕನ್ನಡ ಸರಿಯಾಗಿ ಕಿವಿಗೆ ಬಿದ್ದಿದ್ದೇ ಶಾಲೆಗೆ ಬಂದ ಮೇಲೆ. ಮೊದಲ ವರ್ಷ ಮೇಷ್ಟ್ರು ಏನು ಕೇಳಿದರೂ ತಲೆ ಆಡಿಸುತ್ತಿದ್ದೆ. ಆಗ ನನ್ನನ್ನು ಮೂರು ಕಡೆಯಿಂದ ಎಲ್ಲರೂ ನೋಡುವ ಹಾಗೆ ‘ಯು’ ಒಳಗೆ ಕೂರಿಸಿದ್ದರೆ ಶಾಲೆ ಬಿಟ್ಟೇ ಹೋಗುತ್ತಿದ್ದೆ. ಹಿಂದೆ ಕೂತಿದ್ದರಿಂದ ಪಕ್ಕದ ತಾಂಡಾ ಗೆಳೆಯನ ಹತ್ತಿರ ನಮ್ಮ ಮಾತಿನಲ್ಲಿ ಮೆಲ್ಲಗೆ ಕೇಳಿ ತಿಳಿದುಕೊಂಡೆ. ಪಾಠ ಕಲಿತಿದ್ದು ಹಾಗೆ.

ಇನ್ನು ಕಬ್ಬು ಕಡಿಯಲು ಅಪ್ಪ-ಅಮ್ಮ ಹೊರಟರೆ ನಾವೂ ಹೊರಡುತ್ತಿದ್ದೆವು. ಕಾರ್ಖಾನೆ ನಿಂತ ಮೇಲೆ ವಾಪಸ್. ಅಷ್ಟರಲ್ಲಿ ನನ್ನ ಜಾಗದಲ್ಲಿ ಬೇರೆಯವರು ಕೂತಿರುತ್ತಿದ್ದರು, ಪಾಠವೂ ಎಲ್ಲೋ ಹೋಗಿರುತ್ತಿತ್ತು. ಆಗ ಒಬ್ಬ ಮೇಷ್ಟ್ರು ನನ್ನ ಪಕ್ಕಕ್ಕೆ ಬಂದು ಬೆಂಚಿನ ಮೇಲೇ ಕೂತು ಎಲ್ಲಿ ಬಿಟ್ಟಿದ್ದೆ ಅಂತ ಕೇಳುತ್ತಿದ್ದರು. ಬೆಂಚು ತಿರುಗಿಸಲಿಲ್ಲ, ಅವರೇ ತಿರುಗಾಡುತ್ತಿದ್ದರು.

ನಲಿಕಲಿ ಅಕ್ಕ
ತಮ್ಮಾ, ನೀನು ಹೇಳಿದ್ದನ್ನು ನಮ್ಮ ತರಬೇತಿಗಳಲ್ಲಿ ಹೇಳಬೇಕು. ಮೌನವಾಗಿರುವ ಮಗುವನ್ನು ಎಬ್ಬಿಸಿ ಎಲ್ಲರ ಮುಂದೆ ಕೇಳೋದೇ ಭಾಗವಹಿಸುವಿಕೆ ಅಂದುಕೊಂಡಿದ್ದಾರೆ ಜನ.

ಗೋಣಿಚೀಲ
ಒಪ್ಪುತ್ತೇನೆ, ಆದರೆ ಒಂದು ಎಚ್ಚರ. ‘ಅವರಿಗೆ ಹಿಂದೆಯೇ ಹಾಯಾಗಿದೆ’ ಅಂತ ಹೇಳಿಕೊಂಡು ಎಷ್ಟೋ ಮೇಷ್ಟ್ರು ಹಿಂದಕ್ಕೆ ಹೋಗುವುದನ್ನೇ ಬಿಟ್ಟಿದ್ದಾರೆ. ಹಿಂದೆ ಕೂರುವುದು ಮಗು ಬಯಸಿದ್ದಾಗಿರಬೇಕು, ಪಾಲಿಗೆ ಬಂದದ್ದು ಆಗಬಾರದು.

ಅಂಗಳ ಶಾಲೆ
2020ರ ವಿದ್ಯಾಗಮ ನೆನಪಿದೆಯಾ? ಕೊರೋನಾದಲ್ಲಿ ಶಾಲೆ ಮುಚ್ಚಿದಾಗ ನಾವೇ ಊರೊಳಗೆ ಹೋಗಿ ಮರದ ಕೆಳಗೆ, ಜಗಲಿ ಮೇಲೆ, ಸಮುದಾಯ ಭವನದಲ್ಲಿ ಚಿಕ್ಕ ಗುಂಪು ಮಾಡಿ ಕಲಿಸಿದ್ದು. ಆಗಸ್ಟ್‌ನಲ್ಲಿ ಶುರುವಾಗಿ ಅಕ್ಟೋಬರ್‌ನಲ್ಲಿ ಸೋಂಕಿನ ಭಯಕ್ಕೆ ನಿಲ್ಲಿಸಿದರು.

ಬೆಂಚು ಇಲ್ಲ, ಗೋಡೆ ಇಲ್ಲ, ಬೆಲ್ಲೂ ಇಲ್ಲ. ಕೆಲವು ಮಕ್ಕಳು ಅರಳಿದರು, ಸುಳ್ಳಲ್ಲ. ಅಜ್ಜಿಯರು ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಾ ಮಗ್ಗಿ ತಿದ್ದುತ್ತಿದ್ದರು. ಆದರೆ ನನ್ನ ಒಂದು ಗುಂಪಿಗೆ ಊರವರು ಗುಡಿಯ ಕಟ್ಟೆ ತೋರಿಸಿದರು. ನಾಲ್ಕು ಮಕ್ಕಳು ಕಟ್ಟೆ ಹತ್ತಲೇ ಇಲ್ಲ, ಕೆಳಗೆ ನಿಂತೇ ಇದ್ದರು. ಕರೆದೆ, ಬರಲಿಲ್ಲ. ಯಾಕೆ ಅಂತ ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಮರುದಿನ ಹಾಲಿನ ಡೈರಿಯ ಮುಂದಿನ ಮರದ ಕೆಳಗೆ ಹೋದೆವು. ಅಲ್ಲಿ ಎಲ್ಲರೂ ಬಂದರು. ಹಾಲು ಹಾಕಲು ಎಲ್ಲರೂ ಬರುವ ಜಾಗ ಅಲ್ವಾ ಅದು.

‘ಪ್ರಕೃತಿಯ ಮಡಿಲಲ್ಲಿ ಶಿಕ್ಷಣ’ ಅಂತ ಭಾಷಣ ಮಾಡುವವರು ಯಾವ ಮರ ಅಂತ ಮೊದಲು ಕೇಳಬೇಕು.

ಓದುಬಾಕ
ಹೊರಗೆ ಕೂರಿಸಿ ಕಲಿಸಿದ ಶಾಂತಿನಿಕೇತನ ಎಲ್ಲರಿಗೂ ಗೊತ್ತು. ನಮ್ಮ ಕೋಲಾರ ಜಿಲ್ಲೆಯ ನೀಲ್‌ಬಾಗ್ ಗೊತ್ತಾ? 1972ರಲ್ಲಿ ಡೇವಿಡ್ ಹಾರ್ಸ್‌ಬರೊ ಶುರು ಮಾಡಿದ ಹಳ್ಳಿ ಶಾಲೆ. ವಯಸ್ಸಿಗೆ ತಕ್ಕ ತರಗತಿ ಇಲ್ಲ, ಪರೀಕ್ಷೆಯ ಭಯ ಇಲ್ಲ, ದೊಡ್ಡವರೂ ಚಿಕ್ಕವರೂ ಒಂದೇ ಕಡೆ. ಪಾಠದ ಜೊತೆ ಮರಗೆಲಸ, ಹೊಲಿಗೆ. ರಿಷಿ ವ್ಯಾಲಿಯ ಹಳ್ಳಿ ಶಾಲೆಗಳ ಮೂಲಕ ಆ ಯೋಚನೆಯೇ ಸುತ್ತಿ ಎಚ್.ಡಿ. ಕೋಟೆಗೆ ಬಂತು ಅನ್ನಬಹುದು.

ನಿವೃತ್ತ ಹೆಡ್‌ಮೇಷ್ಟ್ರು
ಚಿಕ್ಕ ಶಾಲೆಯಲ್ಲಿ ಎಲ್ಲವೂ ಚೆನ್ನ. ಅದನ್ನು ಸುತ್ತೋಲೆ ಮಾಡಿ ರಾಜ್ಯಕ್ಕೆಲ್ಲ ಕಳಿಸಿದಾಗ ಏನು ಉಳಿಯುತ್ತದೆ ಅನ್ನೋದೇ ನನ್ನ ತಕರಾರು.

ನಲಿಕಲಿ ಅಕ್ಕ
ಇದಕ್ಕೆ ಮಾತ್ರ ನನ್ನ ಓಟು ನಿಮಗೆ ಸರ್.

ಹೈಸ್ಕೂಲ್ ಮಿಸ್
ಇಷ್ಟು ಉದ್ದ ಚರ್ಚೆಯಲ್ಲಿ ಹುಡುಗಿಯರ ಶೌಚಾಲಯದ ಬಗ್ಗೆ ಒಬ್ಬರೂ ಬರೆದಿಲ್ಲ, ಭೇಷ್. ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯಲ್ಲಿ ಹುಡುಗ-ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ ಕಡ್ಡಾಯ ಅಂತ 2009ರಲ್ಲೇ ಇದೆ. ಕಟ್ಟಡ ಇದೆ, ಬೀಗವೂ ಇದೆ, ನೀರಿಲ್ಲ. ನಮ್ಮ ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ, ಹೋಗಬೇಕಾಗುತ್ತದೆ ಅಂತ. ಮಧ್ಯಾಹ್ನಕ್ಕೆ ತಲೆನೋವು. ಅಂಥ ಮಗುವನ್ನು ಯಾವ ಆಕಾರದಲ್ಲಿ ಕೂರಿಸಿದರೆ ಗಮನ ಬರುತ್ತದೆ? ಟ್ಯಾಂಕಿನಿಂದ ಒಂದು ಪೈಪ್ ಎಳೆಸಿದ ಮೇಲೆ ತಿಂಗಳ ಆ ದಿನಗಳ ಗೈರುಹಾಜರಿ ಕಡಿಮೆಯಾಯಿತು.

ಬಯಲುಸೀಮೆ ಮೇಷ್ಟ್ರು
ಎಲ್ಲರಿಗೂ ಧನ್ಯವಾದ. ಗೋಣಿಚೀಲ ಅವರು ಹೇಳಿದ ಚೀಟಿ ಬರೆದೆ. ಕೊನೇ ಎರಡು ಸಾಲಿನಲ್ಲಿ ಹೆಚ್ಚಿನವರು ಒಂದೇ ಕಡೆಯಿಂದ ಬರುವವರು. ಯಾರೂ ಕೂರಿಸಿದ್ದಲ್ಲ. ಬರುವಾಗ ಜೊತೆಗೆ ಬರುತ್ತಾರೆ, ಜೊತೆಗೇ ಕೂರುತ್ತಾರೆ. ಅವರ ಓಣಿ ದೂರ, ಬರುವಷ್ಟರಲ್ಲಿ ಮುಂದಿನ ಬೆಂಚು ತುಂಬಿರುತ್ತದೆ. ಇದು ಗೆಳೆತನವಾ, ಜಾತಿಯಾ, ದೂರವಾ ಅಂತ ಬಿಡಿಸಿ ಹೇಳಲು ನನ್ನಿಂದ ಆಗುತ್ತಿಲ್ಲ. ಮೂರೂ ಹೆಣೆದುಕೊಂಡಿವೆ.

ಗೋಣಿಚೀಲ
ಬಿಡಿಸಬೇಕಾಗಿಲ್ಲ ಮೇಷ್ಟ್ರೇ. ಓಣಿ ದೂರ ಇರೋದಕ್ಕೂ ಒಂದು ಕಾರಣ ಇದೆ. ಊರ ಹೊರಗೆ ಯಾರನ್ನು ಇಟ್ಟಿದ್ದರು ಅಂತ ನಿಮಗೂ ಗೊತ್ತು.

ಕನ್ನಡಕ
ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಕಣ್ಣು ಪರೀಕ್ಷೆಗೆ ಅಕ್ಷರದ ಪಟ್ಟಿ ಇಡೋದು 6 ಮೀಟರ್ ದೂರದಲ್ಲಿ, ಅಂದರೆ ಸುಮಾರು 20 ಅಡಿ. ಮೇಷ್ಟ್ರ ಕೊಠಡಿಯೂ 20 ಅಡಿ! ಕೊನೇ ಸಾಲಿನಿಂದ ಬೋರ್ಡನ್ನು ಗಟ್ಟಿಯಾಗಿ ಓದಿಸಿ. ಒಂದೊಂದು ಕಣ್ಣು ಮುಚ್ಚಿಸಿ ಓದಿಸಿ, ಎರಡೂ ತೆರೆದರೆ ಒಳ್ಳೇ ಕಣ್ಣು ಕೆಟ್ಟದ್ದನ್ನು ಮುಚ್ಚಿಡುತ್ತದೆ. ಅನುಮಾನ ಬಂದವರನ್ನು ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ತಂಡ (ಆರ್‌ಬಿಎಸ್‌ಕೆ) ಶಾಲೆಗೆ ಬಂದಾಗ ತೋರಿಸಿ. ದಡ್ಡ ಅನ್ನಿಸಿಕೊಂಡ ಎಷ್ಟೋ ಮಕ್ಕಳಿಗೆ ಬೇಕಾಗಿದ್ದು ಬರೀ ಮೈನಸ್ ಒಂದೂವರೆ ಗಾಜು.

ಬಯಲುಸೀಮೆ ಮೇಷ್ಟ್ರು
ಇದನ್ನು ಸೋಮವಾರವೇ ಮಾಡುತ್ತೇನೆ. ಆಕಾರದ ಬಗ್ಗೆ ಹೀಗೆ ಅಂದುಕೊಂಡಿದ್ದೇನೆ. ಡೆಸ್ಕ್ ಸಾಲಾಗಿಯೇ ಇರಲಿ, ಮಕ್ಕಳು ವಾರಕ್ಕೊಮ್ಮೆ ಒಂದು ಸಾಲು ಮುಂದೆ ಬರಲಿ, ಮುಂದಿನವರು ಹಿಂದಕ್ಕೆ ಹೋಗಲಿ. ಜೊತೆಗಾರರನ್ನು ಚೀಟಿ ಎತ್ತಿ ಬದಲಿಸೋದು. ತಾಂಡಾ ಹುಡುಗ ಹೇಳಿದಂಥ ಮಗು ಇದ್ದರೆ ಮಾತು ಗೊತ್ತಿರುವ ಒಬ್ಬ ಗೆಳೆಯನನ್ನು ಬಿಡಿಸುವುದಿಲ್ಲ. ಕನ್ನಡ, ಸಮಾಜಕ್ಕೆ ವಾರದಲ್ಲಿ ಒಂದು ದಿನ ವರಾಂಡದಲ್ಲಿ ಸುತ್ತ ಕೂರೋದು. ಬೆಳಕಿಗೂ ತೊಂದರೆ ಇಲ್ಲ, ಡೆಸ್ಕೂ ಎಳೆಯಬೇಕಿಲ್ಲ.

ಎಡಚ
ಚೀಟಿ ಎತ್ತುವಾಗ ಎಡಗೈಯವರನ್ನು ಡೆಸ್ಕಿನ ಎಡತುದಿಗೆ ಕೂರಿಸಿ. ಇಲ್ಲದಿದ್ದರೆ ಪಕ್ಕದವನ ಮೊಣಕೈ ಜೊತೆ ವರ್ಷಪೂರ್ತಿ ಕುಸ್ತಿ.

ಎಸ್‌ಡಿಎಂಸಿ ಮೆಂಬರ್
ಬೇರೆ ಊರಿನ ಎಸ್‌ಡಿಎಂಸಿಯವನು ನಾನು. ಮೇಷ್ಟ್ರು ಸಾಲು ಬದಲಿಸಿದರೆ ದೂರು ಬರುತ್ತದೆ, ಈಗಲೇ ಹೇಳಿರುತ್ತೇನೆ. ‘ನಮ್ಮ ಹುಡುಗನನ್ನು ಯಾಕೆ ಹಿಂದೆ ಹಾಕಿದಿರಿ’ ಅಂತ ಮುಂದಿನ ಬೆಂಚಿನ ಅಪ್ಪಂದಿರು ಬರುತ್ತಾರೆ. ಹಿಂದಿನ ಬೆಂಚಿನ ಅಪ್ಪಂದಿರು ಇಷ್ಟು ವರ್ಷ ಬಂದಿಲ್ಲ ಅನ್ನೋದನ್ನು ಅವರಿಗೆ ಹೇಳಿ. ಮೊದಲೇ ಪೋಷಕರ ಸಭೆಯಲ್ಲಿ ನಿರ್ಣಯ ಬರೆಸಿ ಸಹಿ ಹಾಕಿಸಿಕೊಂಡರೆ ಒಳ್ಳೆಯದು. ನಮ್ಮಲ್ಲಿ ಡೆಸ್ಕ್ ತಿರುಗಿಸಿದಾಗ ಬಂದ ಮೊದಲ ತಕರಾರು ಏನು ಗೊತ್ತಾ? ದಾನಿಗಳ ಹೆಸರು ಬರೆದ ಪಕ್ಕ ಗೋಡೆಗೆ ಹೋಯಿತಂತೆ!

ಕೊನೇ ಬೆಂಚು ಖಾಯಂ
ಹೆಸರನ್ನು ಎರಡೂ ಕಡೆ ಬರೆಸಿ, ದಾನಿಗಳೂ ಖುಷಿ, ಪೇಂಟರೂ ಖುಷಿ.

ರಾಯಚೂರು ಬಿಸಿಲು
ಮೇಷ್ಟ್ರೇ, ವರಾಂಡ ಪಶ್ಚಿಮಕ್ಕೆ ಇದ್ದರೆ ಮಧ್ಯಾಹ್ನದ ಪೀರಿಯಡ್ ಅಲ್ಲಿ ಇಟ್ಟುಕೋಬೇಡಿ. ಬೆಳಿಗ್ಗೆ ಇಟ್ಟುಕೊಳ್ಳಿ.

ಬಯಲುಸೀಮೆ ಮೇಷ್ಟ್ರು
ಪೂರ್ವಕ್ಕಿದೆ ಸರ್, ಊಟದ ನಂತರದ ಕನ್ನಡ ಪೀರಿಯಡ್ಡೇ ಅಲ್ಲಿ. ಅಧ್ಯಕ್ಷರಿಗೆ ಮಾತ್ರ ಬೇಜಾರಾಗಿದೆ, ಪೇಪರ್‌ನವರಿಗೆ ಆಗಲೇ ಫೋನ್ ಮಾಡಿಬಿಟ್ಟಿದ್ದರಂತೆ. ಮಿಸ್, ನೀವು ಪೈಪ್ ಎಳೆಸಿದ್ದು ಯಾವ ಅನುದಾನದಲ್ಲಿ? ನಮ್ಮದೂ ಅದೇ ಸ್ಥಿತಿ.

ಹೈಸ್ಕೂಲ್ ಮಿಸ್
ಅನುದಾನ ಕಾದಿದ್ದರೆ ಇನ್ನೂ ಕಾಯುತ್ತಲೇ ಇರುತ್ತಿದ್ದೆವು. ಗ್ರಾಮ ಪಂಚಾಯ್ತಿಗೆ ಅರ್ಜಿ ಕೊಡಿ, ಜೊತೆಗೆ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಬೀಗ ಹಾಕಿದ ಶೌಚಾಲಯದ ಫೋಟೋ ಹಾಕಿ. ಎರಡರಲ್ಲಿ ಯಾವುದು ಮೊದಲು ಕೆಲಸ ಮಾಡುತ್ತದೋ ನೋಡಿ. ನಮ್ಮಲ್ಲಿ ಫೋಟೋ ಗೆದ್ದಿತು.